‘ಶಿಕಾರಿಪುರ’ ಎಂದು ಬೆರಳಚ್ಚಿಸಿದರೆ ಗಣಕಯಂತ್ರ ಓದುವುದೇನು?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಸೇರಿದಂತೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿಯ ಸ್ಥಾನಕ್ಕೆ ಗಣಕೀಕೃತ ಪಹಣಿ ಬಂದದ್ದು 2000ದ ದಶಕದ ಆರಂಭದಲ್ಲಿ, ‘ಭೂಮಿ’ ಯೋಜನೆಯ ಮೂಲಕ. ರೈತನು ಕಿಟಕಿಯ ಬಳಿ ನಿಂತು ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಹೇಳುತ್ತಾನೆ. ಒಳಗೆ ಕುಳಿತ ಸಿಬ್ಬಂದಿ ಅದನ್ನು ಕೀಲಿಮಣೆಯಲ್ಲಿ ಒತ್ತುತ್ತಾರೆ. ಮುದ್ರಣಯಂತ್ರದಿಂದ ಕಾಗದ ಹೊರಬರುತ್ತದೆ. ಬೆರಳು ಕೀಲಿಯನ್ನು ಒತ್ತಿದ ಕ್ಷಣಕ್ಕೂ ಗಣಕವು ಕಡತವನ್ನು ಹುಡುಕಲು ಹೊರಡುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಕೆಲಸ ನಡೆಯುತ್ತದೆ. ತಂತ್ರಾಂಶವು ಬಳಕೆದಾರ ಕೊಟ್ಟದ್ದನ್ನು ಓದಿಕೊಳ್ಳುವ ಕೆಲಸ ಅದು. ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ, ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ಕೆಲಸದಲ್ಲಿ ತಪ್ಪಾದರೆ ಮುಂದಿನ ಎಷ್ಟೇ ಸರಿಯಾದ ಲೆಕ್ಕವೂ ಬೇರೆ ಯಾರದೋ ಜಮೀನಿನ ಲೆಕ್ಕವಾಗಿಬಿಡುತ್ತದೆ.

ಈ ಬರಹದಲ್ಲಿ ಉದಾಹರಣೆಗಾಗಿ ಇಟ್ಟುಕೊಂಡಿರುವುದು ‘ಭೂಮಿ’ಯಂತಹ ದೊಡ್ಡ ತಂತ್ರಾಂಶವನ್ನಲ್ಲ. ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಬರೆಯಬಹುದಾದ ಪುಟ್ಟ ಪ್ರೋಗ್ರಾಂ ಅದು: ಸರ್ವೆ ನಂಬರು ಯಾವುದು ಎಂದು ಕೇಳಬೇಕು, ಊರು ಯಾವುದು ಎಂದು ಕೇಳಬೇಕು, ಕೇಳಿದ್ದನ್ನು ಪರದೆಯ ಮೇಲೆ ತೋರಿಸಬೇಕು. ಅಷ್ಟೇ.

ಕೇಳುವ ಆದೇಶ ಬಂದದ್ದು ತಡವಾಗಿ

ಗಣಕವು ಬಳಕೆದಾರನನ್ನು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದು ಇಂದು ಸಹಜವೆನಿಸುತ್ತದೆ. ಆರಂಭದ ಗಣಕಗಳಲ್ಲಿ ಹಾಗಿರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟಿನಲ್ಲಿ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಮಾಹಿತಿಯನ್ನೂ ಒಟ್ಟಿಗೆ ಒಪ್ಪಿಸಿ, ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಮಧ್ಯದಲ್ಲಿ ಮಾತುಕತೆಗೆ ಅವಕಾಶವಿರಲಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ರೂಪಿಸಿದ ಬೇಸಿಕ್ ಭಾಷೆ ಆರಂಭಿಕರಿಗಾಗಿಯೇ ಹುಟ್ಟಿದ್ದು. ಆದರೆ ಅದರ ಮೊದಲ ಆವೃತ್ತಿಯಲ್ಲಿಯೂ ಬಳಕೆದಾರನನ್ನು ಕೇಳುವ ‘ಇನ್‌ಪುಟ್’ ಎಂಬ ಆದೇಶ ಇರಲಿಲ್ಲ. ಮಾಹಿತಿಯನ್ನು ಪ್ರೋಗ್ರಾಮಿನೊಳಗೇ ಬರೆದಿಡಬೇಕಿತ್ತು. ಆ ಆದೇಶ ಸೇರಿದ್ದು 1966ರ ಮೂರನೆಯ ಆವೃತ್ತಿಯಲ್ಲಿ.

ಆಮೇಲೆ ಬಂದ ಪ್ರತಿಯೊಂದು ಭಾಷೆಗೂ ತನ್ನದೇ ಆದ ಕೇಳುವ ಮಾತಿದೆ. ಪ್ಯಾಸ್ಕಲ್‌ನಲ್ಲಿ ‘ರೀಡ್‌ಎಲ್‌ಎನ್’, ಸಿ ಭಾಷೆಯಲ್ಲಿ ‘ಸ್ಕ್ಯಾನ್‌ಎಫ್’, ಸಿ++ನಲ್ಲಿ ‘ಸಿಇನ್’, ಜಾವಾದಲ್ಲಿ ‘ಸ್ಕ್ಯಾನರ್’, ಪೈಥಾನ್‌ನಲ್ಲಿ ಮತ್ತೆ ‘ಇನ್‌ಪುಟ್’. ಹೆಸರುಗಳು ಬೇರೆಯಾದರೂ ಎಲ್ಲವೂ ಮಾಡುವುದು ಮೂರೇ ಕೆಲಸ. ಬಳಕೆದಾರ ಬೆರಳಚ್ಚಿಸುವವರೆಗೆ ಪ್ರೋಗ್ರಾಮನ್ನು ತಡೆದು ನಿಲ್ಲಿಸುವುದು, ಬಂದ ಅಕ್ಷರಗಳನ್ನು ಬೇಕಾದ ರೂಪಕ್ಕೆ ತಿರುಗಿಸುವುದು, ಅದನ್ನು ಹೆಸರಿಟ್ಟ ಒಂದು ಡಬ್ಬಿಯಲ್ಲಿ ಇಡುವುದು. ಆ ಡಬ್ಬಿಗೆ ವೇರಿಯಬಲ್ ಎಂದು ಹೆಸರು.

ಕೀಲಿಯಿಂದ ಪ್ರೋಗ್ರಾಮಿನವರೆಗೆ

ಕೀಲಿಯನ್ನು ಒತ್ತಿದೊಡನೆ ಅಕ್ಷರವು ಪ್ರೋಗ್ರಾಮಿಗೆ ತಲುಪುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಕೀಲಿಮಣೆಗೆ ಅಕ್ಷರದ ಪರಿಚಯವೇ ಇಲ್ಲ. ಯಾವ ಜಾಗದ ಕೀಲಿ ಒತ್ತಲ್ಪಟ್ಟಿತು ಎಂಬ ಒಂದು ಸಂಖ್ಯೆಯನ್ನಷ್ಟೇ ಅದು ಕಳುಹಿಸುತ್ತದೆ. ಆ ಸಂಖ್ಯೆಗೆ ‘ಕ’ ಎಂಬ ಅರ್ಥ ಕೊಡಬೇಕೋ ಇಂಗ್ಲಿಷಿನ ‘ಕೆ’ ಎಂಬ ಅರ್ಥ ಕೊಡಬೇಕೋ ಎಂಬುದನ್ನು ನಿರ್ಧರಿಸುವುದು ಕಾರ್ಯಾಚರಣ ವ್ಯವಸ್ಥೆ ಹಾಗೂ ಅದರಲ್ಲಿ ಆರಿಸಿಕೊಂಡಿರುವ ಕೀಲಿಮಣೆ ವಿನ್ಯಾಸ.

ಕನ್ನಡಕ್ಕೆ ಇಂತಹ ವಿನ್ಯಾಸಗಳು ಹಲವು. ಕೇಂದ್ರ ಸರ್ಕಾರವು ಭಾರತೀಯ ಭಾಷೆಗಳಿಗೆಲ್ಲ ಒಂದೇ ಜೋಡಣೆ ಇರಲೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಒಂದು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇನ್ನೊಂದು. ಅದನ್ನು ಆಧರಿಸಿದ ಜೋಡಣೆಯನ್ನೇ ರಾಜ್ಯ ಸರ್ಕಾರ 2000ದ ಸುಮಾರಿಗೆ ಅಧಿಕೃತವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಸರ್ಕಾರಿ ಕಚೇರಿಗಳಿಗೆಲ್ಲ ಹರಡಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶವು ಇಂಗ್ಲಿಷ್ ಉಚ್ಚಾರಣೆಯ ಜಾಡಿನಲ್ಲಿ ಬರೆಯುವುದನ್ನು ಜನಪ್ರಿಯಗೊಳಿಸಿತು.

ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಸೊರಬ’ ಎಂದು ಬರೆಯಲು ನಾಲ್ಕು ಕೀಲಿಗಳು ಸಾಕು: ಎಸ್, ಒ, ಆರ್, ಬಿ. ವ್ಯಂಜನದೊಳಗೆ ಅಕಾರ ಇದ್ದೇ ಇರುತ್ತದೆ ಎಂಬ ಕನ್ನಡದ ನಿಯಮವನ್ನೇ ಅದು ಅನುಸರಿಸುತ್ತದೆ. ಇಂಗ್ಲಿಷ್ ಜಾಡಿನ ಪದ್ಧತಿಯಲ್ಲಿ ಅದೇ ಊರಿಗೆ ಆರು ಕೀಲಿಗಳು ಬೇಕು, ಏಕೆಂದರೆ ‘ರ’ ಮತ್ತು ‘ಬ’ಗಳ ಅಕಾರವನ್ನೂ ಬಿಡಿಸಿ ಒತ್ತಬೇಕು. ಪ್ರೋಗ್ರಾಮಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ನಾಲ್ಕು ಕೀಲಿ ಒತ್ತಿದರೂ ಆರು ಕೀಲಿ ಒತ್ತಿದರೂ ನಡುವೆ ಕುಳಿತ ತಂತ್ರಾಂಶವು ಅದನ್ನು ಕನ್ನಡದ ಸಂಕೇತಗಳಾಗಿಸಿಯೇ ಮುಂದಕ್ಕೆ ಕಳುಹಿಸುತ್ತದೆ.

ಇದೆಲ್ಲ ಆದ ಮೇಲೂ ಅಕ್ಷರಗಳು ನೇರವಾಗಿ ಪ್ರೋಗ್ರಾಮಿಗೆ ಹೋಗುವುದಿಲ್ಲ. ಸಾಮಾನ್ಯ ಕಪ್ಪು ಪರದೆಯ ಪ್ರೋಗ್ರಾಮುಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯು ಅವನ್ನು ಒಂದು ಸಾಲಿನಲ್ಲಿ ಕೂಡಿಡುತ್ತದೆ. ಎಂಟರ್ ಕೀಲಿ ಒತ್ತಿದಾಗಲೇ ಇಡೀ ಸಾಲು ಪ್ರೋಗ್ರಾಮಿನ ಕೈಗೆ ಸಿಗುವುದು. ಬಳಕೆದಾರ ಬರೆದು ಅಳಿಸಿ ಮತ್ತೆ ಬರೆದದ್ದರ ಸುದ್ದಿ ಪ್ರೋಗ್ರಾಮಿಗೆ ತಿಳಿಯದಿರುವುದು ಈ ಕಾರಣದಿಂದಲೇ. ಒತ್ತಿದ ಎಂಟರ್ ಕೂಡ ಒಂದು ಅಕ್ಷರವಾಗಿ ಆ ಸಾಲಿನ ಕೊನೆಯಲ್ಲಿ ಕುಳಿತಿರುತ್ತದೆ ಎಂಬುದನ್ನು ಮರೆಯಬಾರದು. ಸಿ ಭಾಷೆ ಕಲಿಯುವವರನ್ನು ತಲೆಮಾರುಗಳಿಂದ ಕಾಡಿರುವ ಒಗಟಿನ ಮೂಲ ಇಲ್ಲಿದೆ. ‘ಸ್ಕ್ಯಾನ್‌ಎಫ್’ ಮೂಲಕ ಸರ್ವೆ ನಂಬರನ್ನು ಓದಿದಾಗ ಅದು ಅಂಕೆಗಳನ್ನು ಮಾತ್ರ ಎತ್ತಿಕೊಂಡು ಎಂಟರನ್ನು ಅಲ್ಲಿಯೇ ಬಿಟ್ಟುಬಿಡುತ್ತದೆ. ಮುಂದೆ ಊರಿನ ಹೆಸರಿಗಾಗಿ ಒಂದು ಸಾಲನ್ನು ಓದಲು ಹೇಳಿದರೆ, ಬಿಟ್ಟುಹೋದ ಎಂಟರನ್ನೇ ಖಾಲಿ ಸಾಲೆಂದು ಓದಿಕೊಂಡು ಪ್ರೋಗ್ರಾಂ ಮುಂದೆ ಹೋಗಿಬಿಡುತ್ತದೆ. ‘ಊರು ಯಾವುದು?’ ಎಂದು ಕೇಳಿ ಉತ್ತರಕ್ಕೂ ಕಾಯದೆ ಓಡಿದ ಪ್ರೋಗ್ರಾಮನ್ನು ಕಂಡು ಗಣಕವೇ ಕೆಟ್ಟಿದೆಯೆಂದು ಭಾವಿಸಿದ ವಿದ್ಯಾರ್ಥಿಗಳು ಕಡಿಮೆಯಿಲ್ಲ. ಗಣಕ ಕೆಟ್ಟಿಲ್ಲ, ಅದು ಹೇಳಿದ್ದನ್ನೇ ಮಾಡಿದೆ. ಪ್ರತಿ ಬಾರಿಯೂ ಇಡೀ ಸಾಲನ್ನು ಓದಿಕೊಂಡು, ಆಮೇಲೆ ಅದರೊಳಗಿಂದ ಸಂಖ್ಯೆಯನ್ನು ಹೆಕ್ಕುವುದು ಇದಕ್ಕೆ ನೆಟ್ಟಗಿನ ಪರಿಹಾರ. ಪೈಥಾನ್‌ನ ‘ಇನ್‌ಪುಟ್’ ಮೊದಲಿನಿಂದಲೂ ಹಾಗೆಯೇ ಸಾಲು ಸಾಲಾಗಿ ಓದುವುದರಿಂದ ಅಲ್ಲಿ ಈ ಒಗಟು ಹುಟ್ಟುವುದಿಲ್ಲ.

ಐದೋ, ಒಂಬತ್ತೋ, ಇಪ್ಪತ್ತೇಳೋ?

‘ಶಿಕಾರಿಪುರ’ದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಶಾಲೆಯ ಹುಡುಗನನ್ನು ಕೇಳಿದರೆ ಐದು ಎನ್ನುತ್ತಾನೆ: ಶಿ, ಕಾ, ರಿ, ಪು, ರ. ಅವನ ಉತ್ತರ ಸರಿ. ಯೂನಿಕೋಡ್ ಶಿಷ್ಟತೆಯ ಪ್ರಕಾರ ಅದೇ ಹೆಸರಿನಲ್ಲಿ ಒಂಬತ್ತು ಸಂಕೇತಗಳಿವೆ. ಶ ಒಂದು, ಅದರ ಗುಡಿಸು ಇನ್ನೊಂದು, ಕ ಮತ್ತು ಅದರ ದೀರ್ಘ, ಹೀಗೆ ಎಣಿಸುತ್ತ ಹೋದರೆ ಒಂಬತ್ತು. ಪೈಥಾನ್‌ನಲ್ಲಿ ಈ ಹೆಸರಿನ ಉದ್ದವನ್ನು ಕೇಳಿದರೆ ಬರುವ ಉತ್ತರವೂ ಒಂಬತ್ತೇ. ಆದರೆ ಗಣಕದ ಸ್ಮೃತಿಯಲ್ಲಿ ಇದನ್ನು ಇಡುವಾಗ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ ಒಟ್ಟು 27 ಬೈಟ್. ಇಂಗ್ಲಿಷ್ ಲಿಪಿಯಲ್ಲಿ ಇದೇ ಹೆಸರಿಗೆ 11 ಬೈಟ್ ಸಾಕು.

ಈ ಲೆಕ್ಕ ಒಣ ಪಾಂಡಿತ್ಯವಲ್ಲ. ಸಿ ಭಾಷೆಯಲ್ಲಿ ಊರಿನ ಹೆಸರಿಗೆಂದು 20 ಬೈಟಿನ ಡಬ್ಬಿ ಮಾಡಿಟ್ಟರೆ ಇಂಗ್ಲಿಷಿನ ಶಿಕಾರಿಪುರ ಅದರಲ್ಲಿ ಸಲೀಸಾಗಿ ಕೂರುತ್ತದೆ. ಕನ್ನಡದ ‘ಸೊರಬ’ವೂ ಕೂರುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು 12 ಬೈಟ್. ಪ್ರೋಗ್ರಾಂ ಬರೆದವರು ಈ ಎರಡನ್ನು ಪರೀಕ್ಷಿಸಿ ತೃಪ್ತರಾಗುತ್ತಾರೆ. ಕನ್ನಡದ ‘ಶಿಕಾರಿಪುರ’ ಬಂದಾಗ 27 ಬೈಟುಗಳ ಜೊತೆಗೆ ಹೆಸರಿನ ಕೊನೆಯನ್ನು ಸೂಚಿಸುವ ಸೊನ್ನೆಯೂ ಸೇರಿ 28 ಆಗುತ್ತದೆ. ಡಬ್ಬಿ ತುಂಬಿ, ಉಳಿದ 8 ಬೈಟುಗಳು ಪಕ್ಕದ ಜಾಗದಲ್ಲಿ ಚೆಲ್ಲುತ್ತವೆ. ಆ ಪಕ್ಕದ ಜಾಗದಲ್ಲಿ ಸರ್ವೆ ನಂಬರು ಇದ್ದರೆ ಅದು ಅಳಿಸಿಹೋಗಿ ಅಲ್ಲೊಂದು ಅರ್ಥವಿಲ್ಲದ ಸಂಖ್ಯೆ ಬಂದು ಕೂರುತ್ತದೆ. ಪ್ರೋಗ್ರಾಂ ನಿಂತುಹೋದರೆ ಅದೃಷ್ಟ. ನಿಲ್ಲದೆ ಮುಂದುವರಿದರೆ ಆಪತ್ತು.

ಇಂತಹ ಚೆಲ್ಲುವಿಕೆ ಎಂತಹ ಅನಾಹುತ ಮಾಡಬಲ್ಲದು ಎಂಬುದನ್ನು ಜಗತ್ತು ಕಂಡದ್ದು 1988ರ ನವೆಂಬರ್ 2ರಂದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಹುಳು ತಂತ್ರಾಂಶವು ಆಗಿನ್ನೂ ಚಿಕ್ಕದಾಗಿದ್ದ ಅಂತರಜಾಲದ ಗಣಕಗಳಿಗೆ ಹರಡಿತು. ಸುಮಾರು 6,000 ಯಂತ್ರಗಳು ಅದಕ್ಕೆ ತುತ್ತಾದವೆಂಬ ಅಂದಾಜು ಪ್ರಚಲಿತದಲ್ಲಿದೆ. ಅದು ಒಳನುಗ್ಗಿದ ದಾರಿಗಳಲ್ಲಿ ಒಂದು ಬಳಕೆದಾರರ ವಿವರ ತಿಳಿಸುವ ‘ಫಿಂಗರ್’ ಎಂಬ ಸೇವೆ. ಆ ಸೇವೆಯ ಪ್ರೋಗ್ರಾಂ ‘ಗೆಟ್ಸ್’ ಎಂಬ ಆದೇಶದಿಂದ ಒಂದು ಸಾಲನ್ನು ಓದುತ್ತಿತ್ತು. ಎಷ್ಟು ಉದ್ದದ ಸಾಲು ಬರಬಹುದೆಂದು ‘ಗೆಟ್ಸ್’ ಕೇಳುವುದೇ ಇಲ್ಲ. 512 ಬೈಟಿನ ಡಬ್ಬಿಗೆ ಹುಳುವು 536 ಬೈಟುಗಳನ್ನು ಕಳುಹಿಸಿ, ಚೆಲ್ಲಿದ ಭಾಗದ ಮೂಲಕ ಯಂತ್ರವನ್ನೇ ತನ್ನ ವಶಕ್ಕೆ ತೆಗೆದುಕೊಂಡಿತು. ಇಷ್ಟೆಲ್ಲ ಆದರೂ ‘ಗೆಟ್ಸ್’ ಸಿ ಭಾಷೆಯ ಶಿಷ್ಟತೆಯಿಂದ ಹೊರಬಿದ್ದದ್ದು 2011ರಲ್ಲಿ. ಹಳೆಯ ಪಠ್ಯಪುಸ್ತಕಗಳ ಪುಟಗಳಲ್ಲಿ ಅದು ಇನ್ನೂ ಉಳಿದಿದೆ. ಕಲಿಯುವವರು ಅದನ್ನು ಕಂಡಲ್ಲಿ ದಾಟಿ ಮುಂದೆ ಹೋಗುವುದು ಒಳ್ಳೆಯದು.

ಅದರ ಬದಲಿಗೆ ಬಳಸಬೇಕಾದದ್ದು ‘ಎಫ್‌ಗೆಟ್ಸ್’. ಡಬ್ಬಿಯ ಅಳತೆಯನ್ನು ಹೇಳಿದರೆ ಅದು ಅಷ್ಟನ್ನೇ ತುಂಬುತ್ತದೆ. ಆದರೆ ಇಲ್ಲಿಯೂ ಕನ್ನಡಕ್ಕೊಂದು ವಿಶೇಷ ಕಷ್ಟವಿದೆ. 20 ಬೈಟಿನ ಡಬ್ಬಿಗೆ ‘ಎಫ್‌ಗೆಟ್ಸ್’ ಮೂಲಕ ‘ಶಿಕಾರಿಪುರ’ವನ್ನು ಓದಿಸಿದರೆ ಅದು 19 ಬೈಟುಗಳನ್ನು ಎತ್ತಿಕೊಂಡು, ಕೊನೆಯ ಜಾಗದಲ್ಲಿ ಸೊನ್ನೆಯನ್ನು ಇಟ್ಟು ನಿಲ್ಲುತ್ತದೆ. ಮೊದಲ 18 ಬೈಟುಗಳು ‘ಶಿಕಾರಿ’ ಎಂಬ ಆರು ಸಂಕೇತಗಳು. ಹತ್ತೊಂಬತ್ತನೆಯದು ‘ಪ’ ಅಕ್ಷರದ ಮೂರನೆಯ ಒಂದು ಭಾಗ. ಪರದೆಯ ಮೇಲೆ ‘ಶಿಕಾರಿ’ ಎಂದು ಮೂಡಿ, ಅದರ ಮುಂದೆ ಪ್ರಶ್ನಾರ್ಥಕದಂತಹ ಒಂದು ಗುರುತು ಕಾಣಿಸಿಕೊಳ್ಳುತ್ತದೆ. ಊರು ಹೋಗಿ ಬೇಟೆ ಮಾತ್ರ ಉಳಿಯಿತು ಎಂದು ನಕ್ಕು ಬಿಡಬಹುದು, ಆದರೆ ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. ‘ಪ’ದ ಉಳಿದ ಎರಡು ಬೈಟುಗಳೂ ಅದರ ಹಿಂದಿನ ಅಕ್ಷರಗಳೂ ಸಾಲಿನಲ್ಲಿಯೇ ಕಾದಿರುತ್ತವೆ. ಪ್ರೋಗ್ರಾಮಿನ ಮುಂದಿನ ಪ್ರಶ್ನೆ ಯಾವುದಾದರೂ ಆಗಿರಲಿ, ಅದಕ್ಕೆ ಮೊದಲ ಉತ್ತರವಾಗಿ ಬರುವುದು ಶಿಕಾರಿಪುರದ ಈ ತುಂಡು ಬಾಲ.

ಕನ್ನಡ ಹೆಸರುಗಳಿಗೆ ಡಬ್ಬಿ ಮಾಡುವಾಗ ಎಣಿಕೆಯ ಮೂರು ಪಟ್ಟು ಜಾಗ ಇಡಬೇಕು, ಓದಿದ ಸಾಲಿನ ಕೊನೆಯಲ್ಲಿ ಎಂಟರ್ ಇದೆಯೇ ಎಂದು ನೋಡಿ ಸಾಲು ಪೂರ್ತಿ ಬಂದಿತೋ ತುಂಡಾಯಿತೋ ತಿಳಿದುಕೊಳ್ಳಬೇಕು. ತುಂಡಾಗಿದ್ದರೆ ಉಳಿದದ್ದನ್ನು ಖಾಲಿ ಮಾಡಿ ಮತ್ತೆ ಕೇಳಬೇಕು. ಪೈಥಾನ್, ಜಾವಾ ಮುಂತಾದ ಭಾಷೆಗಳು ಈ ಡಬ್ಬಿಯ ಲೆಕ್ಕವನ್ನು ತಾವೇ ನೋಡಿಕೊಳ್ಳುತ್ತವೆ.

ಸೊರಬದ ಎರಡು ರೂಪ

ಉದ್ದದ ಲೆಕ್ಕದಲ್ಲಿ ತೊಂದರೆ ಕೊಡದ ಸೊರಬ ಬೇರೆ ರೀತಿಯಲ್ಲಿ ತೊಂದರೆ ಕೊಡುತ್ತದೆ. ‘ಸೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇಡಬಹುದು. ಒಂದೇ ಸಂಕೇತವಾಗಿ ಇಡುವುದು ಒಂದು ಬಗೆ. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುವುದು ಇನ್ನೊಂದು ಬಗೆ. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೆಯೂ ಎರಡೂ ಒಂದೇ ‘ಸೊರಬ’. ಆದರೆ ಮೊದಲನೆಯದರಲ್ಲಿ ನಾಲ್ಕು ಸಂಕೇತಗಳು, ಎರಡನೆಯದರಲ್ಲಿ ಐದು. ಬೈಟುಗಳು 12 ಮತ್ತು 15. ಎರಡು ಹೆಸರುಗಳು ಒಂದೇ ಹೌದೇ ಎಂದು ಪ್ರೋಗ್ರಾಮನ್ನು ಸುಮ್ಮನೆ ಕೇಳಿದರೆ ಅಲ್ಲ ಎಂದೇ ಉತ್ತರಿಸುತ್ತದೆ. ಬಳಕೆದಾರನ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳಲ್ಲಿ ಒಂದು ಸಿಗುತ್ತದೆ, ಇನ್ನೊಂದಕ್ಕೆ ‘ಇಂತಹ ಊರಿಲ್ಲ’ ಎಂಬ ಉತ್ತರ ಬರುತ್ತದೆ. ಶಿವಮೊಗ್ಗ, ಶಿರಾಳಕೊಪ್ಪ, ಹೊಸೂರು ಮುಂತಾಗಿ ಒಕಾರವಿರುವ ಎಲ್ಲ ಹೆಸರುಗಳಿಗೂ ಇದೇ ಪಾಡು. ದೀರ್ಘ ಓಕಾರ, ಈಕಾರ, ಏಕಾರ, ಐಕಾರದ ಚಿಹ್ನೆಗಳಿಗೂ ಇಂತಹ ಬಿಡಿ ರೂಪಗಳಿವೆ.

ಬಿಡಿ ರೂಪ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕನ್ನಡ ಗಣಕದ ಇತಿಹಾಸದಲ್ಲಿ ಉತ್ತರವಿದೆ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಕನ್ನಡದ ಬರಹಗಳನ್ನು ಫಾಂಟಿನ ಚಿತ್ರಗಳ ಲೆಕ್ಕದಲ್ಲಿ ಉಳಿಸಲಾಗುತ್ತಿತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿ ಒಂದಕ್ಕೊಂದು ಅಂಟಿಸಲಾಗುತ್ತಿತ್ತು. ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಆ ದಿನಗಳ ಕನ್ನಡ ಜಾಲತಾಣಗಳನ್ನು ಓದಿದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಅಂತಹ ಕಡತಗಳನ್ನು ತುಂಡಿಗೊಂದು ಸಂಕೇತದಂತೆ ಯೂನಿಕೋಡ್‌ಗೆ ಪರಿವರ್ತಿಸಿದರೆ ಒಕಾರವು ಎರಡು ತುಂಡಾಗಿಯೇ ಉಳಿಯಬಹುದು. ಹೊಸ ಕೀಲಿಮಣೆಯಲ್ಲಿ ಬೆರಳಚ್ಚಿಸಿದ ಸೊರಬ ಒಂದು ಬಗೆಯದು, ಹಳೆಯ ಕಡತದಿಂದ ಬಂದ ಸೊರಬ ಇನ್ನೊಂದು ಬಗೆಯದು ಎಂದಾಗುವುದು ಹೀಗೆ.

ಪರಿಹಾರ ಸುಲಭವಾಗಿಯೇ ಇದೆ. ಓದಿದ ಹೆಸರನ್ನು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡ್ ಶಿಷ್ಟತೆಯೇ ಕೊಟ್ಟಿದೆ. ಪೈಥಾನ್‌ನಂತಹ ಭಾಷೆಗಳಲ್ಲಿ ಅದು ಒಂದು ಸಾಲಿನ ಕೆಲಸ. ಹೆಸರಿನ ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗವನ್ನು ತೆಗೆಯುವುದೂ ಅಲ್ಲಿಯೇ ಆಗಬೇಕು. ಕನ್ನಡದಲ್ಲಿ ಇನ್ನೊಂದು ಕಣ್ಣಿಗೆ ಕಾಣದ ಅತಿಥಿಯೂ ಉಂಟು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಇಡುವ, ಅಗಲವೇ ಇಲ್ಲದ ಸಂಕೇತ ಅದು. ಒಬ್ಬರು ಅದನ್ನು ಇಟ್ಟು ಬರೆಯುತ್ತಾರೆ, ಇನ್ನೊಬ್ಬರು ಹೆಸರನ್ನು ಎರಡು ಪದವಾಗಿ ಬಿಡಿಸಿ ಬರೆಯುತ್ತಾರೆ. ಇಬ್ಬರೂ ಒಬ್ಬರೇ ಎಂದು ತಿಳಿಯಲು ಪ್ರೋಗ್ರಾಮಿಗೆ ಮನುಷ್ಯರ ನೆರವು ಬೇಕಾಗುತ್ತದೆ.

45/2 ಎಂಬ ಸಂಖ್ಯೆ

ಹೆಸರಿಗಿಂತ ಸಂಖ್ಯೆ ಸುಲಭವೆಂದು ಯಾರಾದರೂ ಭಾವಿಸಬಹುದು. ಸರ್ವೆ ನಂಬರಿನ ಮಟ್ಟಿಗೆ ಅದು ಸುಳ್ಳು. ಜಮೀನು ಪಾಲಾದಂತೆಲ್ಲ ಸರ್ವೆ ನಂಬರಿಗೆ ಹಿಸ್ಸಾ ಸಂಖ್ಯೆ ಸೇರುತ್ತದೆ. 45/1 ಅಣ್ಣನದು, 45/2 ತಮ್ಮನದು ಎಂಬಂತೆ. ಸಿ ಭಾಷೆಯ ‘ಸ್ಕ್ಯಾನ್‌ಎಫ್’ಗೆ ಒಂದು ಪೂರ್ಣಾಂಕ ಓದಲು ಹೇಳಿ, ಬಳಕೆದಾರನು 45/2 ಎಂದು ಬರೆದರೆ ಅದು ಓರೆಗೆರೆ ಕಂಡಲ್ಲಿಗೆ ನಿಂತು 45 ಎಂದು ಮಾತ್ರ ಓದುತ್ತದೆ. ತಪ್ಪಾಯಿತೆಂದು ಹೇಳುವುದೂ ಇಲ್ಲ. ತಮ್ಮನ ಹಿಸ್ಸಾ ಸಂಖ್ಯೆ ಸದ್ದಿಲ್ಲದೆ ಕಳಚಿಬಿದ್ದಿರುತ್ತದೆ. ಪೈಥಾನ್‌ನಲ್ಲಿ ಇದೇ ಉತ್ತರವನ್ನು ಪೂರ್ಣಾಂಕಕ್ಕೆ ತಿರುಗಿಸಲು ಹೋದರೆ ಪ್ರೋಗ್ರಾಂ ಅಲ್ಲಿಯೇ ದೋಷ ವರದಿ ಮಾಡಿ ನಿಲ್ಲುತ್ತದೆ. ಕಲಿಯುವವರಿಗೆ ಇದು ಕಿರಿಕಿರಿ ಎನಿಸುವುದುಂಟು, ಆದರೆ ದಾಖಲೆಯ ವಿಷಯದಲ್ಲಿ ಸದ್ದು ಮಾಡುವ ತಪ್ಪೇ ಲೇಸು.

ಕನ್ನಡ ಅಂಕಿಗಳಲ್ಲಿ ‘೪೫’ ಎಂದು ಬರೆದರೆ ಏನಾಗುತ್ತದೆ ಎಂಬುದು ಇನ್ನೂ ಕುತೂಹಲಕಾರಿ. ಪೈಥಾನ್ ಅದನ್ನು ನಲವತ್ತೈದೆಂದೇ ತಿಳಿಯುತ್ತದೆ. ಯೂನಿಕೋಡ್‌ನಲ್ಲಿ ಅಂಕಿಯೆಂದು ಗುರುತಿಸಿದ ಎಲ್ಲ ಲಿಪಿಗಳ ಅಂಕಿಗಳನ್ನೂ ಅದು ಒಪ್ಪುತ್ತದೆ. ಜಾವಾದಲ್ಲಿಯೂ ಪಠ್ಯವನ್ನು ಪೂರ್ಣಾಂಕವಾಗಿಸುವ ಸಾಮಾನ್ಯ ವಿಧಾನ ಇದನ್ನು ಸ್ವೀಕರಿಸುತ್ತದೆ. ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯಲ್ಲ’ ಎನ್ನುತ್ತದೆ. ಸಿ ಭಾಷೆಯ ‘ಸ್ಕ್ಯಾನ್‌ಎಫ್’ ಏನನ್ನೂ ಓದದೆ, ತಾನು ಓದಿದ ಅಂಶಗಳ ಎಣಿಕೆ ಸೊನ್ನೆ ಎಂದು ಹೇಳಿ ಸುಮ್ಮನಾಗುತ್ತದೆ. ಆ ಸೊನ್ನೆಯನ್ನು ಪ್ರೋಗ್ರಾಂ ಬರೆದವರು ಗಮನಿಸದಿದ್ದರೆ ಡಬ್ಬಿಯಲ್ಲಿ ಮೊದಲಿದ್ದ ಸಂಖ್ಯೆಯೇ ಉಳಿದಿರುತ್ತದೆ. ಮೊದಲಿದ್ದ ಸಂಖ್ಯೆಯೆಂದರೆ ಸರದಿಯಲ್ಲಿ ಮುಂದಿದ್ದ ಬೇರೊಬ್ಬರ ಸರ್ವೆ ನಂಬರು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರ ವಿವರ ಬರಲು ಇಷ್ಟು ಸಣ್ಣ ಅಲಕ್ಷ್ಯ ಸಾಕು.

‘ಭೂಮಿ’ಯಲ್ಲಿ ಸರ್ವೆ ನಂಬರನ್ನು ಒಂದೇ ಸಂಖ್ಯೆಯೆಂದು ಎಣಿಸಿಲ್ಲ. ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಎಂಬ ಮೂರು ಬೇರೆ ಬೇರೆ ಅಂಕಣಗಳಿವೆ. ಸಾರ್ವಜನಿಕರು ಅಂತರಜಾಲದಲ್ಲಿ ಪಹಣಿ ನೋಡುವ ಪುಟದಲ್ಲಿಯೂ ಮೊದಲು ಸರ್ವೆ ನಂಬರನ್ನು ಬರೆದು, ಆ ನಂಬರಿನಡಿ ನಿಜವಾಗಿಯೂ ಇರುವ ಹಿಸ್ಸಾಗಳ ಪಟ್ಟಿಯಿಂದ ತಮ್ಮದನ್ನು ಆರಿಸಬೇಕು. ಓರೆಗೆರೆಯನ್ನು ಬರೆಯುವ ಪ್ರಸಂಗವೇ ಬರುವುದಿಲ್ಲ. ಸರ್ವೆ ನಂಬರಿನ ಮೇಲೆ ಯಾರೂ ಕೂಡುವ ಕಳೆಯುವ ಲೆಕ್ಕ ಮಾಡುವುದಿಲ್ಲವಾದ್ದರಿಂದ, ಪುಟ್ಟ ಪ್ರೋಗ್ರಾಂ ಬರೆಯುವವರು ಅದನ್ನು ಸಂಖ್ಯೆಯಾಗಿ ಓದದೆ ಪಠ್ಯವಾಗಿಯೇ ಓದಿ, ಓರೆಗೆರೆಯ ಬಳಿ ಬಿಡಿಸಿಕೊಳ್ಳುವುದು ಸರಿಯಾದ ಕ್ರಮ. ದೂರವಾಣಿ ಸಂಖ್ಯೆ, ಪಿನ್‌ಕೋಡ್‌ಗಳಿಗೂ ಇದೇ ಮಾತು ಸಲ್ಲುತ್ತದೆ.

ಬರೆಸುವುದಕ್ಕಿಂತ ಆರಿಸುವುದು

ಅದೇ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಬರೆಯಲು ಅವಕಾಶವೇ ಇಲ್ಲ. ಪಟ್ಟಿಯಿಂದ ಆರಿಸಬೇಕು. ಶಿಕಾರಿಪುರ ಎಂದು ಆರಿಸಿದರೆ ತಾಳಗುಂದ, ಉಡುಗಣಿ ಮುಂತಾದ ಹೋಬಳಿಗಳು ತೆರೆದುಕೊಳ್ಳುತ್ತವೆ. ಸೊರಬ ಎಂದು ಆರಿಸಿದರೆ ಆನವಟ್ಟಿ, ಜಡೆ, ಚಂದ್ರಗುತ್ತಿ ಮುಂತಾದವು. ಇದರ ಹಿಂದಿನ ವಿವೇಕ ಈ ಎರಡು ತಾಲ್ಲೂಕುಗಳ ಊರುಗಳನ್ನು ನೋಡಿದರೆ ಮನವರಿಕೆಯಾಗುತ್ತದೆ. ಅಲ್ಲಮಪ್ರಭುವಿನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಬಳ್ಳಿಗಾವಿಯನ್ನು ಬಳ್ಳಿಗಾವೆ, ಬೆಳಗಾಮಿ ಎಂದೂ ಬರೆಯುವುದುಂಟು. ಇಂಗ್ಲಿಷಿನಲ್ಲಿ ಕಾಗುಣಿತ ಸ್ವಲ್ಪ ಜಾರಿದರೆ ಅದು ಬೆಳಗಾವಿಗೇ ಹೋಗಿ ಮುಟ್ಟುತ್ತದೆ. 1942ರ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಈಸೂರನ್ನು ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಮೊದಲ ಅಕ್ಷರ ‘ಇ’ಯೋ ‘ಐ’ಯೋ ಎಂಬಲ್ಲಿಗೇ ಭಿನ್ನಮತ ಆರಂಭವಾಗುತ್ತದೆ. ಇದರ ಮೇಲೆ 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ತಕ್ಕಂತೆ ಬದಲಾದಾಗ ಜಿಲ್ಲೆಯ ಹೆಸರೇ ‘ಶಿಮೋಗ’ದಿಂದ ‘ಶಿವಮೊಗ್ಗ’ ಆಯಿತು. ಹೆಸರನ್ನೇ ನಂಬಿ ಹೋಲಿಸುವ ಪ್ರೋಗ್ರಾಮಿಗೆ ಇವೆರಡೂ ಬೇರೆ ಬೇರೆ ಊರುಗಳು. ಪ್ರತಿ ಊರಿಗೂ ಒಂದು ಸಂಕೇತಸಂಖ್ಯೆ ಕೊಟ್ಟು, ಬಳಕೆದಾರ ಆರಿಸಿದಾಗ ಆ ಸಂಖ್ಯೆಯನ್ನೇ ಓದಿಕೊಳ್ಳುವ ಪ್ರೋಗ್ರಾಮಿಗೆ ಹೆಸರು ಬದಲಾದರೂ ಚಿಂತೆಯಿಲ್ಲ.

ಪುಟ್ಟ ಪ್ರೋಗ್ರಾಮಿನಲ್ಲಿಯೂ ಇದು ಸಾಧ್ಯ. ಊರುಗಳನ್ನು 1, 2, 3 ಎಂದು ಪಟ್ಟಿ ಮಾಡಿ ತೋರಿಸಿ, ಯಾವುದೆಂದು ಕೇಳಿದರಾಯಿತು. ಬಂದ ಸಂಖ್ಯೆ ಪಟ್ಟಿಯೊಳಗಿನದೇ ಎಂದು ನೋಡಬೇಕು, ಅಲ್ಲದಿದ್ದರೆ ಮತ್ತೆ ಕೇಳಬೇಕು. ಬಳಕೆದಾರ ಏನನ್ನೂ ಬರೆಯದೆ ಬರೀ ಎಂಟರ್ ಒತ್ತಿದರೂ ಪ್ರೋಗ್ರಾಂ ಬೀಳಬಾರದು.

ಉತ್ತರ ಆದೇಶವಾಗಬಾರದು

ಬಳಕೆದಾರ ಬರೆದದ್ದು ಯಾವಾಗಲೂ ಮಾಹಿತಿಯಾಗಿಯೇ ಉಳಿಯಬೇಕು, ಗಣಕಕ್ಕೆ ಆದೇಶವಾಗಬಾರದು. ಪೈಥಾನ್‌ನ ಎರಡನೆಯ ಆವೃತ್ತಿಯಲ್ಲಿ ‘ಇನ್‌ಪುಟ್’ ಎಂಬ ಆದೇಶವು ಬಳಕೆದಾರ ಬರೆದದ್ದನ್ನು ಪೈಥಾನ್‌ನದೇ ಮಾತೆಂದು ತಿಳಿದು ಲೆಕ್ಕ ಹಾಕಲು ಹೊರಡುತ್ತಿತ್ತು. ಅಲ್ಲಿ 45/2 ಎಂದು ಬರೆದರೆ ಭಾಗಾಕಾರ ಮಾಡಿ 22 ಎನ್ನುತ್ತಿತ್ತು! ಕಿಡಿಗೇಡಿಗಳು ಬರೆಯಬಹುದಾದದ್ದು ಭಾಗಾಕಾರಕ್ಕಿಂತ ಅಪಾಯಕಾರಿ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಇದನ್ನು ತಿದ್ದಿ, ಬಂದದ್ದೆಲ್ಲವನ್ನೂ ಪಠ್ಯವೆಂದೇ ಓದುವಂತೆ ಮಾಡಲಾಯಿತು. ದತ್ತಾಂಶಕೋಶದಲ್ಲಿ ಹುಡುಕುವ ಆದೇಶದೊಳಗೆ ಬಳಕೆದಾರನ ಮಾತನ್ನು ನೇರವಾಗಿ ಅಂಟಿಸುವ ಪ್ರೋಗ್ರಾಮುಗಳಿಗೂ ಇದೇ ಅಪಾಯವಿದೆ. ಆದೇಶವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಒಪ್ಪಿಸುವ ಸೌಲಭ್ಯ ಎಲ್ಲ ದತ್ತಾಂಶಕೋಶಗಳಲ್ಲಿಯೂ ಇದ್ದೇ ಇದೆ.

ಎರಡನೆಯ ಪರದೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಪ್ರೋಗ್ರಾಮಿಗೆ ಹಿಡಿಯಲಾಗದ ಒಂದು ತಪ್ಪು ಉಳಿಯುತ್ತದೆ. 45 ಎನ್ನುವಲ್ಲಿ 54 ಎಂದು ಒತ್ತಿದರೆ, ಆ ಊರಿನಲ್ಲಿ ಎರಡೂ ನಂಬರುಗಳಿದ್ದರೆ, ಎಲ್ಲ ಪರೀಕ್ಷೆಗಳಲ್ಲಿಯೂ ಅದು ಪಾಸಾಗುತ್ತದೆ. ಅದು ತನ್ನ ಜಮೀನಲ್ಲ ಎಂದು ಹೇಳಬಲ್ಲವನು ಕಿಟಕಿಯ ಹೊರಗೆ ನಿಂತ ರೈತನೊಬ್ಬನೇ.

ರಾಜ್ಯದ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ಗಾಗಿ ಗಣಕಕ್ಕೆ ಊಡಿಸುವಾಗ, ಊಡಿಸಿದ್ದನ್ನು ಮತ್ತೆ ಕಾಗದದ ಮೇಲೆ ಮುದ್ರಿಸಿ, ಆಗ ಗ್ರಾಮಲೆಕ್ಕಿಗರೆಂದು ಕರೆಯಲಾಗುತ್ತಿದ್ದ ಸಿಬ್ಬಂದಿಯಿಂದ ಮೂಲ ಕೈಬರಹದೊಂದಿಗೆ ಹೋಲಿಸಿ ನೋಡಿಸಲಾಗಿತ್ತು. ಯೋಜನೆಯ ಕಿಟಕಿಗಳಲ್ಲಿ ಕುಳಿತ ಸಿಬ್ಬಂದಿ ಗುಪ್ತಪದದ ಬದಲು ಬೆರಳಚ್ಚಿನ ಗುರುತು ಕೊಟ್ಟು ಗಣಕದೊಳಗೆ ಪ್ರವೇಶಿಸಬೇಕಾಗಿತ್ತು. ಯಾರು ಏನನ್ನು ಬರೆದರು ಎಂಬುದಕ್ಕೆ ದಾಖಲೆ ಇರಲೆಂದು ಮಾಡಿದ ಏರ್ಪಾಡು ಅದು. ಇವಕ್ಕಿಂತ ಸರಳವಾದದ್ದು ಕಿಟಕಿಯ ಇನ್ನೊಂದು ಏರ್ಪಾಡು. ಸಿಬ್ಬಂದಿಯ ಮುಂದಿನ ಪರದೆಯಲ್ಲದೆ, ಹೊರಗೆ ನಿಂತವರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನೂ ಇಡಲಾಗಿತ್ತು. ಒಳಗೆ ಒತ್ತಿದ್ದು ಹೊರಗೂ ಕಾಣುತ್ತಿತ್ತು. ಆರಂಭದ ದಿನಗಳಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದ ರೈತನು ಕಾಗದ ಮುದ್ರಣವಾಗುವ ಮುನ್ನವೇ ತನ್ನ ಹೆಸರು, ತನ್ನ ಊರು, ತನ್ನ ನಂಬರು ಸರಿಯಾಗಿವೆಯೇ ಎಂದು ನೋಡಿಕೊಳ್ಳಬಹುದಿತ್ತು.

ಪುಟ್ಟ ಪ್ರೋಗ್ರಾಮಿನಲ್ಲಿ ಎರಡನೆಯ ಪರದೆಗೆ ಬದಲಾಗಿ ಎರಡು ಸಾಲು ಸಾಕು. ಓದಿಕೊಂಡದ್ದನ್ನು ‘ಊರು ಶಿಕಾರಿಪುರ, ಸರ್ವೆ ನಂಬರು 45, ಹಿಸ್ಸಾ 2, ಸರಿಯೇ?’ ಎಂದು ತಿರುಗಿ ತೋರಿಸುವುದು ಒಂದು ಸಾಲು. ಹೌದು ಅಥವಾ ಅಲ್ಲ ಎಂಬ ಉತ್ತರವನ್ನು ಓದುವುದು ಇನ್ನೊಂದು. ಆ ಉತ್ತರವನ್ನೂ ‘ಹೌದು’, ‘ಹೌದ್ರಿ’, ‘ಹೂಂ’ ಎಂದು ಜನ ನಾನಾ ಬಗೆಯಲ್ಲಿ ಬರೆಯುತ್ತಾರಾದ್ದರಿಂದ, ಅಲ್ಲಿಯೂ 1 ಅಥವಾ 2 ಎಂದು ಆರಿಸಲು ಹೇಳುವುದು ವಾಸಿ.